ಪೊರಕೆ ಕಟ್ಟುವ ವಿದ್ಯೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿಇ ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಇರುವವನು, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಆಡಲಿ ಎಂದು ಸಂಘಟಕರು ನನ್ನನ್ನು ಕರೆದರು. ಪೊರಕೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಮೊದಲು ನಕ್ಕರು, ಆಮೇಲೆ ಒಪ್ಪಿದರು. ಅವರಿಗೆ ನನ್ನ ಧನ್ಯವಾದಗಳು.

2020ರ ಲಾಕ್‌ಡೌನ್‌ನಲ್ಲಿ ನಾನು ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಸಂಜೆ ಜಗಲಿಗೆ ಬಂದರೆ ದೊಡ್ಡಮ್ಮ ತೆಂಗಿನ ಗರಿ ಹೆರೆಯುತ್ತಾ ಕೂತಿರುತ್ತಿದ್ದರು. "ನಂಗೂ ಕಲ್ಸು ದೊಡ್ಡಮ್ಮ" ಎಂದೆ. "ಇಷ್ಟೆಲ್ಲ ಓದಿರೋ ನಿಂಗ್ಯಾಕೋ ಮಗ ಈ ಕೆಲ್ಸ?" ಎಂದರು. ಮಾರನೆಯ ಸಂಜೆ ನನಗೆಂದು ಇನ್ನೊಂದು ಚಾಕು ಮಸೆದಿಟ್ಟಿದ್ದರು.

ನಮ್ಮದು ತಿಪಟೂರು ಸೀಮೆ. ಇಲ್ಲಿ ಗರಿಗೆ ಬರವಿಲ್ಲ. ಒಂದು ತೆಂಗಿನ ಮರ ತಿಂಗಳಿಗೆ ಒಂದರಂತೆ ವರ್ಷಕ್ಕೆ ಸುಮಾರು 12 ಗರಿ ಬಿಡುತ್ತದೆ. ಒಂದು ಗರಿಯಲ್ಲಿ 200ರಿಂದ 250 ಎಲೆ ಇರುತ್ತವೆ. ಎಲೆಗೊಂದು ಕಡ್ಡಿ. ಗರಿಯ ನಡುಭಾಗದ ಕಡ್ಡಿ ಉದ್ದ, ತುದಿಯದು ಗಿಡ್ಡ. ಗಿಡ್ಡ ಕಡ್ಡಿಗಳನ್ನು ಬಿಟ್ಟರೆ, ಅಂಗಳ ಗುಡಿಸುವ ದಪ್ಪ ಪೊರಕೆಗೆ ನಮ್ಮ ಮನೆಯಲ್ಲಿ ಎರಡು ಗರಿ ಬೇಕು.

ಹೆರೆಯುವುದು ಮೊದಲ ಪಾಠ. ಎಲೆಯ ಬುಡ ಎಡಗೈಯಲ್ಲಿ, ಚಾಕು ಬಲಗೈಯಲ್ಲಿ. ಚಾಕುವಿನ ಬಾಯಿ ಕಡ್ಡಿಗೆ ತಾಗಬೇಕು, ಕಚ್ಚಬಾರದು. ಹೆಚ್ಚು ಒತ್ತಿದರೆ ಕಡ್ಡಿ ಸೀಳುತ್ತದೆ. ಕಡಿಮೆ ಒತ್ತಿದರೆ ಎಲೆಯ ಸಿಪ್ಪೆ ಉಳಿದು ಪೊರಕೆಯೇ ಕಸ ಉದುರಿಸುತ್ತದೆ. ನನ್ನ ಕೆಲಸದಲ್ಲಿ ಬೇಡವಾದದ್ದನ್ನು ಒಂದು ಗುಂಡಿ ಒತ್ತಿ ಮೊದಲಿನಂತೆ ಮಾಡಬಹುದು. ಸೀಳಿದ ಕಡ್ಡಿ ಮತ್ತೆ ಕೂಡುವುದಿಲ್ಲ.

ಹಸಿ ಗರಿಯ ಎಲೆ ಸಲೀಸಾಗಿ ಬಿಡುತ್ತದೆ. ಆದರೆ ಹಸಿ ಕಡ್ಡಿಯನ್ನೇ ಕಟ್ಟಿಬಿಟ್ಟರೆ ಅದು ಒಣಗಿ ಸಣ್ಣಗಾಗಿ, ಕಟ್ಟು ಸಡಿಲವಾಗುತ್ತದೆ. ಅದಕ್ಕೇ ಕೆಲವು ದಿನ ಬಿಸಿಲಿಗೆ ಹಾಕಬೇಕು. ಉದುರಿದ ಒಣಗರಿಯಾದರೆ ಉಲ್ಟಾ. ಮೊದಲು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು.

ಒಣಗಿದ ಕಡ್ಡಿಗಳ ಬುಡವನ್ನೆಲ್ಲ ಒಂದೇ ಕಡೆ ಮಾಡಿ, ನೆಲಕ್ಕೆ ಕುಟ್ಟಿ ಸಮ ಮಾಡಿ, ತೆಂಗಿನ ನಾರಿನ ಹುರಿ ಸುತ್ತಬೇಕು. ಹುರಿಯ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಕಟ್ಟನ್ನು ಉರುಳಿಸುತ್ತಾ ಕಂಬದ ಕಡೆಗೆ ಹೋದರೆ ಮೈಭಾರವೇ ಹುರಿಯನ್ನು ಬಿಗಿ ಮಾಡುತ್ತದೆ. ಕೊನೆಗೆ ಬುಡದ ಕಡೆಯಿಂದ ನಡುವೆ ಒಂದು ಬೆಣೆ ಹೊಡೆದರೆ ಕಡ್ಡಿ ಅಲ್ಲಾಡುವುದಿಲ್ಲ.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಬರೆದುಕೊಂಡೆ. ಒಂದೇ ಪುಟವಾಯಿತು. ಆದರೆ ಹುರಿಯನ್ನು ಎಷ್ಟು ಎಳೆಯಬೇಕು ಎಂದು ಕೇಳಿದಾಗ ದೊಡ್ಡಮ್ಮ ಹೇಳಿದ್ದು, "ಹುರಿ ಮಾತಾಡೋಗಂಟ ಎಳಿ." ಬಿಗಿಯಾದ ಹುರಿ ಕಿರ್ ಎನ್ನುತ್ತದೆ, ಇನ್ನೊಂಚೂರು ಎಳೆದರೆ ಹರಿಯುತ್ತದೆ. ಆ ಸದ್ದು ಕಿವಿಗೆ ಹತ್ತಲು ನನಗೆ ಎರಡು ತಿಂಗಳು ಬೇಕಾಯಿತು. ಪಕ್ಕದಲ್ಲಿ ಕೂರದೆ ಕಲಿಯಲಾಗದ ಭಾಗ ಅದು.

ಸಂತೆಯಲ್ಲಿ ಈ ಪೊರಕೆಗೆ 50 ರೂಪಾಯಿ. ಗಡಿಯಾರ ನೋಡಿ ಲೆಕ್ಕ ಹಾಕಿದೆ. ಗರಿ ಆಯುವುದರಿಂದ ಬೆಣೆ ಹೊಡೆಯುವವರೆಗೆ ಒಂದೂವರೆ ಗಂಟೆ. ಹುರಿಯ ದುಡ್ಡು ಕಳೆದರೆ ಗಂಟೆಗೆ 30 ರೂಪಾಯಿ. ಅದಕ್ಕೂ ನಾವು "ನಲವತ್ತಕ್ಕೆ ಕೊಡಮ್ಮ" ಎಂದು ಚೌಕಾಸಿ ಮಾಡುತ್ತೇವೆ. ಅಂಗಡಿಯ ಪ್ಲಾಸ್ಟಿಕ್ ಪೊರಕೆಗೆ ಬರೆದಷ್ಟು ಬೆಲೆ ಕೊಟ್ಟು ಸುಮ್ಮನೆ ಬರುತ್ತೇವೆ.

ಪೊರಕೆಯನ್ನು ಲಕ್ಷ್ಮಿ ಎನ್ನುತ್ತೇವೆ, ತುಳಿಯಬಾರದು ಎನ್ನುತ್ತೇವೆ. ಮಗುವಿಗೆ ದೃಷ್ಟಿ ತೆಗೆಯಲು ಅದರ ಕಡ್ಡಿಯೇ ಬೇಕು. ಬೈಯುವಾಗ ಮಾತ್ರ ಪೊರಕೆಸೇವೆ! ಈಚಲು ಗರಿಯ ಪೊರಕೆ, ಬುಟ್ಟಿ ಹೊತ್ತು ಊರೂರು ತಿರುಗಿದ ಕೊರಮರನ್ನು ಅಂಗಳದಾಚೆಯೇ ನಿಲ್ಲಿಸಿ ವ್ಯಾಪಾರ ಮಾಡಿದ ಊರುಗಳು ನಮ್ಮವು. ಹನ್ನೆರಡನೆಯ ಶತಮಾನದಲ್ಲಿ ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯ, ಅಂಗಳ ಗುಡಿಸಿದ ಸತ್ಯಕ್ಕ ಶರಣರಾಗಿ ವಚನ ಬರೆದರು. ಅವರ ವಚನವನ್ನು ಪರೀಕ್ಷೆಗೆ ಓದಿದ ನಾವು ಅವರ ಕಾಯಕವನ್ನು ಕೀಳೆಂದೇ ನೋಡಿದೆವು. ನಮ್ಮ ಮನೆಗಳಲ್ಲಿ ಪೊರಕೆ ಹಿಡಿಯುವುದು ಈಗಲೂ ಹೆಣ್ಣುಮಕ್ಕಳ ಪಾಲು.

ಈ ಶಾಲೆಗೆ 50 ವರ್ಷ. ಇದು ಶುರುವಾದಾಗ ದೊಡ್ಡಮ್ಮನಿಗೆ ಮದುವೆಯಾಗಿ ಕಂಕುಳಲ್ಲಿ ಮಗುವಿತ್ತು. ಅವರ ಪಾಲಿಗೆ ಶಾಲೆ ತಡವಾಗಿ ಬಂತು. ಅವರ ಹಾಗೆ ಅಕ್ಷರ ಸಿಗದೆ ಕೈಯಲ್ಲೇ ವಿದ್ಯೆ ಇಟ್ಟುಕೊಂಡವರು ಈ ಸಭೆಯಲ್ಲೂ ಇದ್ದಾರೆ. ದೊಡ್ಡಮ್ಮನಿಗೆ ಈಗ ಹೆಬ್ಬೆರಳಿನ ಗಂಟು ನೋವು, ಹುರಿ ಬಿಗಿಯಲು ಆಗುವುದಿಲ್ಲ. ಅವರು ಹೆರೆದಿಡುತ್ತಾರೆ, ರಜೆಗೆ ಬಂದಾಗ ನಾನು ಕಟ್ಟುತ್ತೇನೆ. ನಮ್ಮ ಬೀದಿಯಲ್ಲಿ ಇನ್ನು ಇಬ್ಬರಿಗೆ ಮಾತ್ರ ಈ ಕೆಲಸ ಬರುತ್ತದೆ. ಇಬ್ಬರಿಗೂ ಅರವತ್ತು ದಾಟಿದೆ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಕೈಕಸುಬಿನ ಮೂಲಕವೇ ಪಾಠ ನಡೆಯಲಿ ಎಂದು ಗಾಂಧೀಜಿ 1937ರಲ್ಲೇ ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಹೇಳಿದ್ದರು. ಅಷ್ಟು ದೊಡ್ಡದು ಬೇಡ. ತಿಂಗಳಿಗೆ ಎರಡು ಶನಿವಾರ, ಒಂದೊಂದು ಗಂಟೆ ಸಾಕು. ಊರಿನಲ್ಲಿ ಪೊರಕೆ ಕಟ್ಟುವವರು, ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು ಶಾಲೆಗೆ ಬಂದು ಕಲಿಸಲಿ. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಟ್ಟಿಗೆ ಕೂತು ಕಲಿಯಲಿ. ಬಂದವರಿಗೆ ಮೇಷ್ಟ್ರ ಕುರ್ಚಿ ಹಾಕಬೇಕು, ಗೌರವಧನ ಕೊಡಬೇಕು. ಆ ಹಣವನ್ನು ಹಳೆಯ ವಿದ್ಯಾರ್ಥಿಗಳು ಹಾಕಿಕೊಳ್ಳೋಣ. ಮೊದಲ ವರ್ಷದ್ದು ನನ್ನ ಪಾಲಿಗಿರಲಿ.

ಈ ಮಕ್ಕಳೆಲ್ಲ ಪೊರಕೆ ಮಾರಿಯೇ ಬದುಕಲಿ ಎಂದು ನಾನು ಹೇಳುತ್ತಿಲ್ಲ. ಡಾಕ್ಟರಾಗಲಿ, ಎಂಜಿನಿಯರಾಗಲಿ, ಒಳ್ಳೆಯ ರೈತರಾಗಲಿ. ಒಂದು ಪೊರಕೆ ಕಟ್ಟಿ ನೋಡಿದವರು ಸಂತೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡಲಾರರು. ಅಷ್ಟಾದರೂ ಸಾಕು.