ಜೀವಕೋಶದೊಳಗಿನ ಹುರಿ



ಜೀವಕೋಶದ ಪಾಠದಲ್ಲಿ ಕೋಶಪೊರೆ, ಕೋಶರಸ, ಕೋಶಕೇಂದ್ರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಮಗುವಿನ ಮನಸ್ಸಿನಲ್ಲಿ ಕೋಶವು ನೀರು ತುಂಬಿದ ಚೀಲವಾಗಿ ಉಳಿಯುತ್ತದೆ. ಹಾಗಾದರೆ ದಿನವಿಡೀ ಗುದ್ದಲಿ ಹಿಡಿದ ಅಂಗೈಯ ಚರ್ಮ ಹರಿದುಹೋಗುವುದಿಲ್ಲವೇಕೆ?

ಕೋಶದೊಳಗೆ ಮೂರು ಬಗೆಯ ಪ್ರೋಟೀನು ಎಳೆಗಳ ಹಂದರವಿದೆ. ಆಕ್ಟಿನ್ ತಂತುವಿನ ದಪ್ಪ ಸುಮಾರು 7 ನ್ಯಾನೋಮೀಟರ್, ಸೂಕ್ಷ್ಮನಾಳಿಕೆಯದು 25. ಇವುಗಳ ನಡುವೆ, ಸುಮಾರು 10 ನ್ಯಾನೋಮೀಟರ್ ದಪ್ಪದವು ಮಧ್ಯಮ ತಂತುಗಳು. ಮೊದಲೆರಡು ಬೇಗ ಕಟ್ಟಿಕೊಂಡು ಬೇಗ ಬಿಚ್ಚಿಕೊಳ್ಳುತ್ತವೆ. ಮಧ್ಯಮ ತಂತುಗಳು ಹಗ್ಗದಂತೆ ಹುರಿಗೊಂಡು ಎಳೆತವನ್ನು ತಾಳಿಕೊಳ್ಳುತ್ತವೆ. ಚರ್ಮದಲ್ಲಿ ಕೆರಾಟಿನ್, ಸ್ನಾಯುವಿನಲ್ಲಿ ಡೆಸ್ಮಿನ್, ಕೋಶಕೇಂದ್ರದ ಪೊರೆಯ ಒಳಬದಿಯಲ್ಲಿ ಲ್ಯಾಮಿನ್ ಈ ಕಾರ್ಯ ನಿರ್ವಹಿಸುತ್ತವೆ. ಚರ್ಮದ ಕೋಶಗಳಲ್ಲಿ ಕೆರಾಟಿನ್ ಎಳೆಗಳು ನೆರೆಕೋಶದೊಡನೆ ಬೆಸೆದ ಬಿಂದುಗಳಿಗೆ ಕಟ್ಟಿಕೊಂಡಿರುವುದರಿಂದ ಒಂದರ ಭಾರವನ್ನು ಹಲವು ಹಂಚಿಕೊಳ್ಳುತ್ತವೆ.

ಇದನ್ನು ಬೋಧಿಸಲು ಪ್ರಯೋಗಾಲಯ ಬೇಕಿಲ್ಲ. ಕಲ್ಯಾಣದುರ್ಗದ ಕಡೆಯ ಮಕ್ಕಳಿಗೆ ಕುರಿಯುಣ್ಣೆ ಹೊಸದಲ್ಲ. ಉಣ್ಣೆಯ ಎಳೆಯೆಂದರೆ ಕೆರಾಟಿನ್ ತುಂಬಿಕೊಂಡು ಸತ್ತ ಕೋಶಗಳ ಕಟ್ಟು. ಅದರ ಪಕ್ಕದಲ್ಲಿ ಹಿಂದೂಪುರದ ಮಾರುಕಟ್ಟೆಯ ರೇಷ್ಮೆಗೂಡೊಂದನ್ನು ಇಡಿ. ರೇಷ್ಮೆಯೂ ಪ್ರೋಟೀನೇ; ಆದರೆ ಅದು ಫೈಬ್ರೊಯಿನ್, ಹುಳುವು ಗ್ರಂಥಿಯಿಂದ ಹೊರಸೂಸಿದ ನೂಲು, ಮಧ್ಯಮ ತಂತುವಲ್ಲ. ಒಂದು ಕೋಶದೊಳಗೇ ಹೆಣೆದದ್ದು, ಇನ್ನೊಂದು ಮೈಯಿಂದ ಹೊರಗೆ ನೂತದ್ದು ಎಂಬ ಭೇದವನ್ನು ಮಕ್ಕಳ ಬಾಯಿಂದಲೇ ಹೇಳಿಸಿ.

ಈ ಪಾಠ ಪರೀಕ್ಷೆಗೆ ಮಾತ್ರವಲ್ಲ. ಕೆರಾಟಿನ್ 5 ಅಥವಾ 14ರ ವಂಶವಾಹಿಯಲ್ಲಿ ದೋಷವಿದ್ದರೆ, ಚರ್ಮದ ತಳಪದರದ ಕೋಶಗಳು ಸಣ್ಣ ತಿಕ್ಕಾಟಕ್ಕೂ ಒಡೆದು ಬೊಕ್ಕೆಗಳೇಳುತ್ತವೆ. ಈ ಕಾರಣ 1991ರಲ್ಲಿ ಬೆಳಕಿಗೆ ಬಂತು. ಇದು ಹುಟ್ಟಿನಿಂದ ಬರುವ ದೋಷ, ಅಂಟುರೋಗವಲ್ಲ.

ಹಲವು ವರ್ಷಗಳ ಹಿಂದೆ ನಾನು ಭೇಟಿಯಿತ್ತ ಶಾಲೆಯೊಂದರಲ್ಲಿ ಕೈಕಾಲುಗಳಲ್ಲಿ ಬೊಕ್ಕೆಯಿದ್ದ ಬಾಲಕನನ್ನು ಬೇರೆಯಾಗಿ ಕೂರಿಸಿದ್ದರು. ಹುಟ್ಟಿನಿಂದಲೂ ಹೀಗೆಯೇ ಎಂದು ತಾಯಿ ಹೇಳಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. ಜೀವಕೋಶದ ಪಾಠವನ್ನು ಮೆಚ್ಚಿ ಷರಾ ಬರೆದು ನಾನೂ ಸುಮ್ಮನೆ ಹಿಂದಿರುಗಿದೆ. ಆ ಮೌನ ಇಂದಿಗೂ ನನ್ನನ್ನು ಕಾಡುತ್ತಿದೆ.

ರೋಗನಿರ್ಣಯ ವೈದ್ಯರ ಕೆಲಸ. ಅವರು ಅಂಟುವುದಿಲ್ಲವೆಂದ ಮೇಲೆ ಆ ಮಗುವನ್ನು ಗೆಳೆಯರ ನಡುವೆ ಕೂರಿಸುವುದು, ಒರಟಾದ ಆಟದಿಂದ ಕಾಪಾಡುವುದು, ಕಾರಣವನ್ನು ತರಗತಿಗೆ ಕನ್ನಡದಲ್ಲಿ ತಿಳಿಯಹೇಳುವುದು ನಮ್ಮ ಕೆಲಸ. ಅದನ್ನು ನಾವು ಮಾಡೋಣ.