ಶೂ ಕಿರುಚುವುದೇಕೆ, ಉರುಮೆ ಗುಟುರು ಹಾಕುವುದೇಕೆ

ಬೆಂಗಳೂರಿನ ಬಸವೇಶ್ವರನಗರದ ಯಾವುದಾದರೂ ಒಳಾಂಗಣ ಶಟಲ್ ಕೋರ್ಟಿನ ಬಾಗಿಲಲ್ಲಿ ಸಂಜೆ ಹೊತ್ತು ನಿಂತರೆ, ಆಟ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಕೀಚ್, ಕೀಚ್!

ಅದು ರಬ್ಬರಿಗೂ ನೆಲಕ್ಕೂ ನಡೆಯುವ ಜಗ್ಗಾಟದ ಸದ್ದು. ಓಡಿಬಂದ ಆಟಗಾರ ಕಾಲೂರಿದಾಗ ಶೂವಿನ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈಭಾರ ಮುಂದಕ್ಕೆ ನೂಕುತ್ತಲೇ ಇರುವುದರಿಂದ ರಬ್ಬರು ಹಿಗ್ಗುತ್ತದೆ. ಹಿಡಿತ ತಪ್ಪಿದ ಕ್ಷಣ ಸರಕ್ಕನೆ ಜಾರುತ್ತದೆ. ಜಾರುವಾಗ ಘರ್ಷಣೆ ಇನ್ನೂ ಕಡಿಮೆ. ಎಳೆತ ಸಡಿಲವಾಗುತ್ತಲೇ ಮತ್ತೆ ಕಚ್ಚುತ್ತದೆ. ಹೀಗೆ ಕಚ್ಚಿ ಜಾರುವುದು ಸೆಕೆಂಡಿಗೆ ಸಾವಿರಾರು ಸಲ ನಡೆದರೆ ಕಿರುಚು ಹುಟ್ಟುತ್ತದೆ.

ರಬ್ಬರು ಮೆತ್ತಗಿರುವುದರಿಂದ ಅದು ಇಡಿಯಾಗಿ ಜಾರಬೇಕೆಂದೇನಿಲ್ಲ. ಬ್ರಿಟನ್ನಿನಲ್ಲಿ ರಬ್ಬರ್ ಸಂಶೋಧನೆ ನಡೆಸುತ್ತಿದ್ದ ಅಡಾಲ್ಫ್ ಶಾಲಮಾಖ್ 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ತೋರಿಸಿದರು. ರಬ್ಬರು ಗಟ್ಟಿ ಮೇಲ್ಮೈಗೆ ತಾಗುವ ಕಡೆ ಸಣ್ಣ ಸುಕ್ಕುಗಳೆದ್ದು ಅಲೆಗಳಂತೆ ಸಾಗುತ್ತಿದ್ದವು. ಜಮಖಾನೆಯ ಒಂದು ಮಡಿಕೆಯನ್ನು ತಳ್ಳುತ್ತಾ ಹೋದರೆ ಇಡೀ ಜಮಖಾನೆಯೇ ಸರಿಯುತ್ತದಲ್ಲ, ಹಾಗೆ.

ಕಚ್ಚಿ ಜಾರುವ ಇದೇ ಆಟವನ್ನು ಸಂಗೀತಕ್ಕೆ ಪಳಗಿಸಿದವರಲ್ಲಿ ದಕ್ಷಿಣ ಕರ್ನಾಟಕದ ಉರುಮೆಯವರೂ ಇದ್ದಾರೆ. ನಡು ಸಣ್ಣಗಿರುವ ಈ ವಾದ್ಯಕ್ಕೆ ಎರಡೂ ಕಡೆ ತೊಗಲು. ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ. ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಕೋಲಿನ ಜೊತೆ ತೊಗಲು ಎಳೆದುಕೊಂಡು ಹೋಗಿ, ಬಿಡಿಸಿಕೊಂಡು, ಮತ್ತೆ ಸಿಕ್ಕಿಕೊಳ್ಳುತ್ತದೆ. ಆ ಒಂದೊಂದು ಮಿಡಿತಕ್ಕೂ ತೊಗಲು ನಡುಗುತ್ತದೆ, ಒಳಗಿನ ಗಾಳಿಯೂ ಅದಕ್ಕೆ ಓಗೊಡುತ್ತದೆ. ಇದೇ ಅನುರಣನ. ಉಜ್ಜುವ ಕೈ ಶಕ್ತಿ ಕೊಡುತ್ತದೆ, ಯಾವ ಸ್ವರ ದೊಡ್ಡದಾಗಬೇಕೆಂಬುದನ್ನು ವಾದ್ಯದ ಮೈ ತೀರ್ಮಾನಿಸುತ್ತದೆ.

ಪಿಟೀಲಿನದೂ ಇದೇ ಕಥೆ. ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದೆಳೆದು ಬಿಡುತ್ತದೆ. ಈ ಕಂಪನಗಳ ಗಣಿತವನ್ನು ಸಿ. ವಿ. ರಾಮನ್ 1918ರಲ್ಲಿ ಕಲ್ಕತ್ತದಿಂದ ಹೊರಬಂದ ಪ್ರಬಂಧದಲ್ಲಿ ವಿವರವಾಗಿ ಬಿಡಿಸಿಟ್ಟರು. ಆಮೇಲೆ ಅವರು ಯಂತ್ರದಿಂದ ಪಿಟೀಲು ನುಡಿಸಿ, ಕಮಾನಿನ ಒತ್ತಡ ಎಷ್ಟಿರಬೇಕೆಂದು ಅಳೆದದ್ದೂ ಉಂಟು. ಆದರೆ ತಂತಿಗೂ ತೊಗಲಿಗೂ ದೊಡ್ಡ ವ್ಯತ್ಯಾಸವಿದೆ. ಬಿಗಿದ ತಂತಿ ತನ್ನ ಶ್ರುತಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ತೊಗಲನ್ನು ಒತ್ತಿದರೆ ಬಿಗಿಯೇ ಬದಲಾಗುತ್ತದೆ, ಸ್ವರ ಏರಿಳಿಯುತ್ತದೆ. ಉರುಮೆಯ ಗುಟುರಿಗೆ ಆ ಜೀವಂತಿಕೆ ಬಂದಿರುವುದು ಈ ಮೆತ್ತನೆಯಿಂದಲೇ.

ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ರಾಮನ್ ಮೃದಂಗದಂಥ ಭಾರತೀಯ ಚರ್ಮವಾದ್ಯಗಳ ಬಗ್ಗೆಯೂ ಬರೆದರು. ಅಲ್ಲಿ ಅವರ ಗಮನವೆಲ್ಲ ಬಡಿದ ತೊಗಲಿನ ಮೇಲಿತ್ತು. ಉಜ್ಜಿದ ತೊಗಲಿಗೂ ಅಂಥ ಗೌರವದ ಅಧ್ಯಯನ ಸಲ್ಲಬೇಕು. ಕೆಂಗೇರಿಯಾಚೆ ಯಾವುದಾದರೂ ಊರಹಬ್ಬದಲ್ಲಿ ತಮಟೆಗಳ ಜೊತೆ ಉರುಮೆ ಕಂಡರೆ, ಬಾಗಿದ ಕೋಲಿನ ಪಕ್ಕ ನಿಂತು ಕೇಳಿ. ನುಡಿಸುವವರ ಒಪ್ಪಿಗೆ ಪಡೆದು, ಅವರ ಹೆಸರು ಹೇಳಿ, ಆ ನಾದವನ್ನು ದಾಖಲಿಸಿ.