ಅಭಯದೊಡನೆ ಬರುವ ಆಜ್ಞೆ
(ಶತಮಾನೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ಭಯದ ಮಾತನ್ನೆತ್ತುವುದು ಕೆಲವರಿಗೆ ಅಸಮಂಜಸವೆನಿಸಬಹುದು. ಆದರೆ ಈ ಗೋಡೆಗಳನ್ನು ಎಬ್ಬಿಸಿದ ನಮ್ಮ ಹಿರಿಯರು ನಿರ್ಭಯದ ಕಾಲದಲ್ಲಿ ಬಾಳಿದವರಲ್ಲ. 1898ರಲ್ಲಿ ಮೈಸೂರು ಸೀಮೆಯನ್ನು ಹೊಕ್ಕ ಪ್ಲೇಗು, 1918ರ ಇನ್‌ಫ್ಲುಯೆಂಜಾ ಜ್ವರ, ಇವುಗಳ ನೆನಪು ಇನ್ನೂ ಹಸಿಯಾಗಿದ್ದ ತಲೆಮಾರು ಅದು. ಹೆಣ ಹೊತ್ತ ಹೆಗಲುಗಳೇ ದೇವಾಲಯಕ್ಕೆ ಕಲ್ಲನ್ನೂ ಹೊತ್ತವು. ಅವರಿಗೆ ಆ ಧೈರ್ಯವು ಎಲ್ಲಿಂದ ಬಂದಿತೆಂಬುದನ್ನು ನಾವು ಇಂದು ವಿಚಾರಿಸಬೇಕಾಗಿದೆ.

ಮೊದಲಿಗೆ ಒಂದು ಮಾತು. ಅಂಜುವುದು ಪಾಪವಲ್ಲ. ಗೆತ್ಸೆಮನೆ ತೋಪಿನಲ್ಲಿ ನಮ್ಮ ಪ್ರಭುವೇ ಕಳವಳಗೊಂಡು ಬೆವರು ಸುರಿಸಿದರು. ಪ್ರವಾದಿ ಎಲೀಯನು ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅರಣ್ಯಕ್ಕೆ ಓಡಿ, ಗಿಡವೊಂದರ ಕೆಳಗೆ ಕುಳಿತು ಸಾವನ್ನೇ ಬೇಡಿದನು. ದೇವರು ಅವನನ್ನು ಗದರಿಸಲಿಲ್ಲ. ದೂತನ ಕೈಯಲ್ಲಿ ರೊಟ್ಟಿಯನ್ನೂ ನೀರನ್ನೂ ಕಳುಹಿಸಿದರು, ನಿದ್ರಿಸಗೊಟ್ಟರು, ಮತ್ತೆ ಉಣಿಸಿದರು. ಆ ಬಳಿಕ, ಹೋರೇಬ್ ಬೆಟ್ಟದಲ್ಲಿ, ಬಂದ ದಾರಿಯಲ್ಲೇ ಹಿಂದಿರುಗಿ ಮಾಡಬೇಕಾದ ಕಾರ್ಯವನ್ನು ಒಪ್ಪಿಸಿದರು.

ಇದನ್ನು ನಾವು ಮನನಮಾಡಬೇಕು. ಪವಿತ್ರ ಗ್ರಂಥದಲ್ಲಿ ಅಂಜಬೇಡವೆಂಬ ಅಭಯವು ಬಂದೆಡೆಯಲ್ಲಿ ಮತ್ತೆ ಮತ್ತೆ ಅದರ ಬೆನ್ನಿಗೇ ಒಂದು ಆಜ್ಞೆಯೂ ಬರುತ್ತದೆ. ಯೆಹೋಶುವನಿಗೆ ಅಭಯವಿತ್ತ ದೇವರು ಜನರನ್ನು ಹೊಳೆ ದಾಟಿಸುವ ಭಾರವನ್ನೂ ಇತ್ತರು. ಜೋಸೆಫರಿಗೆ ಕನಸಿನಲ್ಲಿ ಧೈರ್ಯ ಹೇಳಿದ ದೂತನು ಮರಿಯಮ್ಮನವರನ್ನು ಮನೆಗೆ ಕರೆದುಕೊಳ್ಳಲು ಹೇಳಿದನು. ಬಲೆ ತುಂಬಿದ ಮೀನನ್ನು ಕಂಡು ನಡುಗಿದ ಪೇತ್ರನನ್ನು ಪ್ರಭು ಸಂತೈಸಿ, ಇನ್ನು ಮುಂದೆ ಮನುಷ್ಯರನ್ನು ಹಿಡಿಯುವ ಕೆಲಸಕ್ಕೆ ನೇಮಿಸಿದರು. ಕೊರಿಂಥದಲ್ಲಿ ಎದೆಗುಂದಿದ ಪೌಲನಿಗೆ ಸುಮ್ಮನಿರದೆ ಮಾತನಾಡಬೇಕೆಂದು ಅಪ್ಪಣೆಯಾಯಿತು. ಬಾಗಿಲು ಭದ್ರಪಡಿಸಿಕೊಂಡು ಒಳಗೆ ಅಡಗಿದ್ದ ಶಿಷ್ಯರಿಗೆ ಪುನರುತ್ಥಾನಿ ಯೇಸು ಶಾಂತಿಯನ್ನು ಕೊಟ್ಟರು; ಅದೇ ಉಸಿರಿನಲ್ಲಿ ಅವರನ್ನು ಹೊರಕ್ಕೆ ಕಳುಹಿಸಿದರು. ಆದುದರಿಂದ ಕ್ರೈಸ್ತ ಧೈರ್ಯವೆಂದರೆ ಎದೆ ನಡುಗದಿರುವುದಲ್ಲ. ನಡುಗುವ ಎದೆಯೊಡನೆಯೇ, ದೇವರು ಒಪ್ಪಿಸಿದ ಪ್ರೀತಿಯ ಕಾರ್ಯಕ್ಕೆ ಹೊರಡುವುದೇ ಧೈರ್ಯ.

ಇದಕ್ಕೆ ನಮ್ಮ ನಾಡಿನ ನೆಲವನ್ನು ತುಳಿದ ಸಂತರೊಬ್ಬರ ಬಾಳು ಸಾಕ್ಷಿಯಾಗಿದೆ. ಸಂತ ಜೋಸೆಫ್ ವಾಜರು 1651ರಲ್ಲಿ ಗೋವೆಯ ಬೆನಾವ್ಲಿ ಗ್ರಾಮದಲ್ಲಿ ಜನಿಸಿದರು. 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರಕ್ಕೆ ಇಂದಿಗೂ ಭಕ್ತರು ತೆರಳುತ್ತಾರೆ. ಆ ಕಾಲದಲ್ಲಿ ಸಿಂಹಳ ದ್ವೀಪದ ಕಥೋಲಿಕರು ಗುರುಗಳಿಲ್ಲದೆ ಅನಾಥರಾಗಿದ್ದರು. 1658ರಲ್ಲಿ ಜಾಫ್ನಾವನ್ನು ಗೆದ್ದ ಡಚ್ಚರು ಕಥೋಲಿಕ ಗುರುಗಳಿಗೆ ಪ್ರವೇಶವನ್ನು ನಿಷೇಧಿಸಿದ್ದರು. ಅದನ್ನು ತಿಳಿದೂ ವಾಜರು 1687ರಲ್ಲಿ ಬಡ ಕೂಲಿಯ ವೇಷದಲ್ಲಿ, ಒಬ್ಬನೇ ಸೇವಕನೊಡನೆ ಅಲ್ಲಿ ಬಂದಿಳಿದರು. ಇಳಿದಾಗ ರೋಗದಿಂದ ಬಳಲಿದ್ದರು. ಕೊರಳಲ್ಲಿ ಜಪಮಾಲೆಯನ್ನು ಧರಿಸಿ ಮನೆಮನೆಯಲ್ಲಿ ಭಿಕ್ಷೆ ಬೇಡಿದರು. ಯಾರ ಕಣ್ಣು ಆ ಜಪಮಾಲೆಯಲ್ಲಿ ನಿಲ್ಲುತ್ತದೆಂದು ಗಮನಿಸಿ, ಅಡಗಿದ್ದ ವಿಶ್ವಾಸಿಗಳನ್ನು ಗುರುತಿಸಿದರು. ಇರುಳಿನಲ್ಲಿ ಬಲಿಪೂಜೆಯನ್ನು ಅರ್ಪಿಸಿದರು.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರರೆಂಬ ಅಪವಾದಕ್ಕೆ ಗುರಿಯಾಗಿ ಸೆರೆವಾಸ ಅನುಭವಿಸಿದರು. 1697ರಲ್ಲಿ ಅದೇ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರೋಗಿಗಳನ್ನು ಬಂಧುಗಳೇ ಕಾಡಿನಲ್ಲಿ ಬಿಟ್ಟು ಓಡಿದರು. ಆಗ ವಾಜರೂ ಅವರ ಬಂಧುವೇ ಆದ ಗುರು ಜೋಸೆಫ್ ಕರ್ವಾಲೊ ಅವರೂ ಊರನ್ನು ಬಿಡಲಿಲ್ಲ. ಯಾವ ಮತದವರೆಂದು ಕೇಳದೆ ರೋಗಿಗಳಿಗೆ ಉಣಿಸಿದರು, ಹುಣ್ಣುಗಳನ್ನು ತೊಳೆದರು, ಸತ್ತವರನ್ನು ಹೂಳಿದರು. ಗೂಢಚಾರರೆಂದು ಹಿಡಿದ ನಾಡಿಗೇ ಅವರು ದಾದಿಯಾದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ದೈವಾಧೀನರಾದರು. 2015ರ ಜನವರಿ 14ರಂದು ಕೊಲಂಬೊ ನಗರದಲ್ಲಿ ವಿಶ್ವಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಅದೇ ಫ್ರಾನ್ಸಿಸರನ್ನು 2020ರ ಮಾರ್ಚ್ 27ರ ಸಂಜೆ ಲೋಕವೆಲ್ಲ ಕಂಡಿತು. ಸಂತ ಪೇತ್ರರ ಮಹಾದೇವಾಲಯದ ಮುಂದಿನ ಚೌಕ ಬರಿದಾಗಿತ್ತು, ಮಳೆ ಹನಿಯುತ್ತಿತ್ತು. ಅಂದು ಪಠಿಸಿದ್ದು ಬಿರುಗಾಳಿಗೆ ಸಿಕ್ಕ ದೋಣಿಯ ಶುಭಸಂದೇಶ. ಶಿಷ್ಯರು ಮುಳುಗುವ ಭೀತಿಯಲ್ಲಿದ್ದರು, ಪ್ರಭು ಹಿಂಬದಿಯಲ್ಲಿ ದಿಂಬಿಗೆ ಒರಗಿ ನಿದ್ರಿಸುತ್ತಿದ್ದರು. ಅವರು ಎಚ್ಚರವಾಗಿದ್ದರೋ ನಿದ್ರಿಸುತ್ತಿದ್ದರೋ, ದೋಣಿಯಲ್ಲಂತೂ ಇದ್ದರು. ನಾವು ನೆಚ್ಚಬೇಕಾದದ್ದು ಇದನ್ನೇ.

ಆ ದಿನಗಳನ್ನು ನಾವು ಮರೆತಿಲ್ಲ. ದೇವಾಲಯಗಳ ಬಾಗಿಲು ಮುಚ್ಚಿತು; ಪಾಸ್ಕ ಹಬ್ಬವನ್ನು ಮನೆಯೊಳಗೇ ಆಚರಿಸಿದೆವು. ಅದು ಹೇಡಿತನವಾಗಿರಲಿಲ್ಲ, ನೆರೆಯವರ ಜೀವದ ಕಾಳಜಿಯಾಗಿತ್ತು. ದೇವಾಲಯದ ಶಿಖರದಿಂದ ಧುಮುಕೆಂದ ಸೈತಾನನಿಗೆ ಪ್ರಭು ಕಿವಿಗೊಡಲಿಲ್ಲ; ವಿಶ್ವಾಸಕ್ಕೂ ದುಡುಕಿಗೂ ಅಂತರವಿದೆ. ಆದರೆ ಅದೇ ದಿನಗಳಲ್ಲಿ ರೋಗಿಯ ಮನೆಯವರಿಗೆ ಕೊಡ ನೀರನ್ನೂ ಕೊಡಲು ಹಿಂಜರಿದ ನೆರೆಹೊರೆಯಿತ್ತು, ಹೂಳುವವರಿಲ್ಲದ ಶವಗಳಿದ್ದವು. ರಕ್ಷಾಕವಚ ತೊಟ್ಟು, ಮತಭೇದವೆಣಿಸದೆ ಆ ಶವಗಳಿಗೆ ಗೌರವದ ಸಂಸ್ಕಾರ ಮಾಡಿದ ಯುವಕರೂ ಇದ್ದರು. ತಮ್ಮ ಮಕ್ಕಳನ್ನು ವಾರಗಟ್ಟಲೆ ಕಾಣದೆ ಆಸ್ಪತ್ರೆಗಳಲ್ಲಿ ದುಡಿದ ದಾದಿಯರೂ ಇದ್ದರು. ಅವರಿಗೆ ಭಯವಿರಲಿಲ್ಲವೇ? ಇತ್ತು. ಆದರೆ ಆ ಭಯ ಅವರ ಕಾಲನ್ನು ಕಟ್ಟಲಿಲ್ಲ.

ಭಯದ ಅಪಾಯವಿರುವುದು ಇಲ್ಲಿಯೇ. ಅದು ಮೊದಲು ನಮ್ಮ ಬಾಗಿಲನ್ನು ಮುಚ್ಚಿಸುತ್ತದೆ, ಆಮೇಲೆ ಬಾಗಿಲಾಚೆಯವನನ್ನು ವೈರಿಯೆಂದು ತೋರಿಸುತ್ತದೆ. ರೋಗದ ಭಯ, ನಾಳಿನ ಅನ್ನದ ಭಯ, ಮುಪ್ಪಿನಲ್ಲಿ ಒಂಟಿಯಾಗುವ ಭಯ, ಅನ್ಯರೆಂಬ ಭಯ, ಇವೆಲ್ಲವೂ ನಮ್ಮ ಧರ್ಮಕೇಂದ್ರದ ಮನೆಗಳಲ್ಲಿವೆ.

ಆದುದರಿಂದ ಈ ಶತಮಾನೋತ್ಸವದಲ್ಲಿ ನಾವು ಮೂರು ಸಂಕಲ್ಪಗಳನ್ನು ಕೈಗೊಳ್ಳೋಣ. ಸಂಜೆಯ ಜಪಮಾಲೆಯೊಡನೆ ಶುಭಸಂದೇಶದ ಒಂದು ಭಾಗವನ್ನು ಮನೆಯವರೆಲ್ಲ ಕೂಡಿ ಓದೋಣ. ಭಯವು ಕಾಡಿದಾಗ ಅಭಯವನ್ನಷ್ಟೇ ಬೇಡದೆ, ನಾವು ಯಾರ ಬಳಿಗೆ ಹೋಗಬೇಕೆಂದೂ ಪ್ರಭುವನ್ನು ಕೇಳೋಣ. ಒಬ್ಬೊಬ್ಬರೇ ಹೋಗದೆ, ಪ್ರಭು ಶಿಷ್ಯರನ್ನು ಕಳುಹಿಸಿದಂತೆ, ಇಬ್ಬಿಬ್ಬರಾಗಿ ಹೋಗೋಣ. ಹಾಸಿಗೆ ಹಿಡಿದ ವೃದ್ಧರು, ಗಂಡನನ್ನು ಕಳೆದುಕೊಂಡ ತಾಯಿ, ಕೆಲಸ ತಪ್ಪಿದ ತರುಣ, ಇವರ ಮನೆಗಳು ನಮ್ಮಿಂದ ದೂರವಿಲ್ಲ.

ನಮ್ಮ ಹಿರಿಯರು ಕಲ್ಲು ಹೊತ್ತು ಕಟ್ಟಿದ ಈ ದೇವಾಲಯದ ಬಾಗಿಲು ಎರಡು ಕಾರ್ಯಗಳಿಗಾಗಿ ಇದೆ: ಅಂಜಿದವರು ಒಳಗೆ ಬಂದು ಸಾಂತ್ವನ ಹೊಂದಲು, ಸಾಂತ್ವನ ಹೊಂದಿದವರು ಹೊರಗೆ ಹೋಗಿ ಸೇವೆಗೈಯಲು. ಮುಂದಿನ ನೂರು ವರ್ಷಗಳಲ್ಲಿಯೂ ಅದು ಈ ಎರಡಕ್ಕೂ ತೆರೆದಿರಲೆಂದು, ಮಾತೆ ಮರಿಯಮ್ಮನವರ ಹಾಗೂ ಸಂತ ಜೋಸೆಫ್ ವಾಜರ ಬಿನ್ನಹದ ಮೂಲಕ, ಪರಮ ತ್ರಿತ್ವವನ್ನು ಪ್ರಾರ್ಥಿಸುತ್ತೇವೆ.